ಹೂವಿನ ಸಿರಪ್: ಘಮ ಹೋಗದಂತೆ, ಕಹಿ ಬರದಂತೆ

ಘಮವಿರುವ ನಾಟಿ ಗುಲಾಬಿ ಇದಕ್ಕೆ ಚೆನ್ನ. ವಾಸನೆಯಿಲ್ಲದ ಹೂವಿನಿಂದ ಬರುವುದು ಬಣ್ಣದ ಸಕ್ಕರೆ ನೀರಷ್ಟೇ. ಔಷಧಿ ಹೊಡೆದ ಹೂ, ಅಂಗಡಿಯ ಬೊಕೆ ಹೂ, ರಸ್ತೆ ಬದಿಯ ಹೂ ಬೇಡ. ಗುರುತು ಖಚಿತವಿಲ್ಲದ ಹೂವನ್ನಂತೂ ಮುಟ್ಟಲೇಬೇಡಿ. ಕಣಗಿಲೆ ನೋಡಲು ಚೆಂದ, ಆದರೆ ಪೂರ್ತಿ ವಿಷ.

ಇಬ್ಬನಿ ಆರಿದ ಮೇಲೆ, ಬಿಸಿಲು ಏರುವ ಮೊದಲು ಕಿತ್ತು, ಕೊಡವಿ ಹುಳ ತೆಗೆಯಿರಿ. ಎಸಳಿನ ಬುಡದ ಬಿಳಿ ಭಾಗವನ್ನು ಕತ್ತರಿಸಿ. ಸಿರಪ್ ಕಹಿಯಾಯಿತು ಎನ್ನುವವರು ಸಾಮಾನ್ಯವಾಗಿ ಇದನ್ನೇ ಬಿಟ್ಟಿರುತ್ತಾರೆ, ಇಲ್ಲವೇ ಹಸಿರು ತೊಟ್ಟು ಸೇರಿಸಿರುತ್ತಾರೆ.

100 ಗ್ರಾಂ ಎಸಳಿಗೆ ಅರ್ಧ ಲೀಟರ್ ನೀರು. ನೀರು ಕುದಿಸಿ, ಒಲೆ ಆರಿಸಿ, ಐದು ನಿಮಿಷ ಬಿಟ್ಟು ಎಸಳಿನ ಮೇಲೆ ಸುರಿದು ಗಟ್ಟಿಯಾಗಿ ಮುಚ್ಚಿ. ಆರಿದ ಮೇಲೆ ಫ್ರಿಜ್‌ನಲ್ಲಿ ರಾತ್ರಿಯಿಡೀ ಇರಲಿ. ಎಸಳನ್ನು ನೀರಲ್ಲೇ ಕುದಿಸಿದರೆ ಘಮವೆಲ್ಲ ಆವಿಯ ಜೊತೆ ಹೋಗುತ್ತದೆ, ಅಡುಗೆಮನೆ ಮಾತ್ರ ಘಮಘಮ! ಪಾತ್ರೆ ಸ್ಟೀಲ್ ಅಥವಾ ಗಾಜಿನದಿರಲಿ. ಕಬ್ಬಿಣ, ಅಲ್ಯೂಮಿನಿಯಂ ಬಣ್ಣ ಕೆಡಿಸುತ್ತವೆ.

ತೆಳು ಬಟ್ಟೆಯಲ್ಲಿ ಸೋಸಿ, ರಸವನ್ನು ತೂಗಿ, ಅಷ್ಟೇ ತೂಕದ ಸಕ್ಕರೆ ಹಾಕಿ. ಸಣ್ಣ ಉರಿಯಲ್ಲಿ ಸಕ್ಕರೆ ಕರಗಿದರೆ ಸಾಕು, ಎಳೆ ಪಾಕ ಬೇಡ. ಇಳಿಸಿ ಎರಡು ಚಮಚ ನಿಂಬೆರಸ ಹಿಂಡಿ. ಮಂಕಾಗಿದ್ದ ಬಣ್ಣ ಆ ಹುಳಿಗೆ ತಟ್ಟನೆ ಕೆಂಪೇರುತ್ತದೆ.

ಕುದಿಸಿ ಒಣಗಿಸಿದ ಬಾಟಲಿಗೆ ತುಂಬಿ ಫ್ರಿಜ್‌ನಲ್ಲಿಟ್ಟರೆ ಎರಡು ವಾರ ಬರುತ್ತದೆ. ಸಕ್ಕರೆ ಕಡಿಮೆ ಮಾಡಿದರೆ, ಬಾಟಲಿ ಒದ್ದೆಯಿದ್ದರೆ ಬೇಗ ಬೂಸ್ಟು. ಬೂಸ್ಟು ಕಂಡರೆ ಮೇಲಿನದನ್ನು ತೆಗೆದು ಬಳಸಬೇಡಿ, ಪೂರ್ತಿ ಚೆಲ್ಲಿ.