ಐಡಲ್‌ನಲ್ಲಿ ಕಾರಿನ ಹೀಟರ್ ತಣ್ಣಗೆ: ಏರ್ ಲಾಕ್ ತೆಗೆದ ಕ್ರಮ

ಲಕ್ಷಣ: ಹುಬ್ಬಳ್ಳಿ-ಧಾರವಾಡ ಬೈಪಾಸಿನಲ್ಲಿ ಓಡುವಾಗ ಬಿಸಿಗಾಳಿ, ಸಿಗ್ನಲ್‌ನಲ್ಲಿ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ನಿಂತರೆ ಎರಡು ನಿಮಿಷದಲ್ಲಿ ತಣ್ಣಗಿನ ಗಾಳಿ. ಟೆಂಪರೇಚರ್ ಮುಳ್ಳು ಮಾತ್ರ ನಡುವೆಯೇ. ಧಾರವಾಡದ ಜಿಟಿಜಿಟಿ ಮಳೆಯಲ್ಲಿ ಮುಂದಿನ ಗಾಜಿನ ಮಂಜು ಹೋಗುತ್ತಿರಲಿಲ್ಲ.

ಥರ್ಮೋಸ್ಟಾಟ್ (ಕೂಲಂಟ್ ಹರಿವನ್ನು ಬಿಸಿಗೆ ತಕ್ಕಂತೆ ತೆರೆಯುವ ವಾಲ್ವ್) ಬದಲಿಸಿದ್ದು, ಹೀಟರ್ ಕೇಬಲ್ ಬಿಗಿ ಮಾಡಿದ್ದು ದಂಡ. ರಿಸರ್ವ್ ಡಬ್ಬಿ ತುಂಬಿದ್ದರಿಂದ ಕೂಲಂಟ್ (ಎಂಜಿನ್ ತಂಪಾಗಿಸುವ ದ್ರವ) ಸಾಕಷ್ಟಿದೆ ಅಂದುಕೊಂಡಿದ್ದೇ ತಪ್ಪು. ರೇಡಿಯೇಟರ್ ಒಳಗೆ ಕಡಿಮೆ ಇತ್ತು.

ಬಾನೆಟ್ ತೆಗೆದು, ಫ್ಯಾನಿಗೆ ಕೈ ತಾಗದಂತೆ ಹೀಟರಿನ ಎರಡೂ ಹೋಸ್ ಮುಟ್ಟಿ ನೋಡಿ. ಐಡಲ್‌ನಲ್ಲಿ ಒಂದು ಬಿಸಿ, ಇನ್ನೊಂದು ತಣ್ಣಗಿದ್ದು, ರೇಸ್ ಕೊಟ್ಟಾಗ ಎರಡೂ ಬಿಸಿಯಾದರೆ ಒಳಗೆ ಗಾಳಿ ಸಿಕ್ಕಿಕೊಂಡಿರುವ (ಏರ್ ಲಾಕ್) ಸಾಧ್ಯತೆ ಹೆಚ್ಚು. ಕೂಲಂಟ್ ತಳ್ಳುವ ಪಂಪ್ ನಿಧಾನ ತಿರುಗುವಾಗ ಆ ಗಾಳಿಯನ್ನು ತಳ್ಳಲಾರದು.

ಎಂಜಿನ್ ಪೂರ್ತಿ ತಣ್ಣಗಾಗಿರಬೇಕು. ಬಿಸಿಯಿದ್ದಾಗ ರೇಡಿಯೇಟರ್ ಕ್ಯಾಪ್ ತೆಗೆದರೆ ಮುಖ ಸುಡುತ್ತದೆ. ಕಾರಿನ ಮೂತಿ ಮೇಲಾಗುವಂತೆ ಏರಿನಲ್ಲಿ ನಿಲ್ಲಿಸಿ (ಧಾರವಾಡದಲ್ಲಿ ಏರಿಗೇನು ಬರವಿಲ್ಲ), ಹ್ಯಾಂಡ್‌ಬ್ರೇಕ್ ಎಳೆದು ಚಕ್ರಕ್ಕೆ ಕಲ್ಲು ಕೊಡಿ. ಎಸಿ ಬಂದ್, ಹೀಟರ್ ನಾಬ್ ಪೂರ್ತಿ ಬಿಸಿಗೆ, ಬ್ಲೋವರ್ 1ಕ್ಕೆ. ಕ್ಯಾಪ್ ತೆಗೆದು ಕೂಲಂಟ್ ಮತ್ತು ಡಿಸ್ಟಿಲ್ಡ್ ವಾಟರ್ 50:50 ಬೆರೆಸಿ ಕಂಠದವರೆಗೆ ತುಂಬಿ. ಬೋರ್ ನೀರು ಬೇಡ, ಹೀಟರ್ ಕೋರಿನಲ್ಲಿ (ಹೀಟರಿನ ಪುಟ್ಟ ರೇಡಿಯೇಟರ್) ಸುಣ್ಣ ಕಟ್ಟುತ್ತದೆ. ಸ್ಟಾರ್ಟ್ ಮಾಡಿ, ರೇಡಿಯೇಟರಿನ ಮೇಲಿನ ಹೋಸನ್ನು ಆಗಾಗ ಹಿಚುಕುತ್ತ, ಇಳಿದಷ್ಟೂ ತುಂಬುತ್ತ ಹೋಗಿ. ಗುಳ್ಳೆ ನಿಂತ ಮೇಲೆ ಕ್ಯಾಪ್ ಹಾಕಿ, 2000 ಆರ್‌ಪಿಎಂನಲ್ಲಿ ಅರ್ಧ ನಿಮಿಷ ಇಟ್ಟು, ರೇಡಿಯೇಟರ್ ಫ್ಯಾನ್ ಎರಡು ಸಲ ಚಾಲೂ ಆಗಿ ನಿಲ್ಲುವವರೆಗೆ ಐಡಲ್‌ನಲ್ಲಿ ಬಿಡಿ. ಮರುದಿನ ಬೆಳಿಗ್ಗೆ ಮತ್ತೆ ಮಟ್ಟ ನೋಡಿ.

ಗಾಳಿ ಹೊಕ್ಕಿದ್ದು ಕ್ಯಾಪಿನ ಹಳೆಯ ರಬ್ಬರ್‌ನಿಂದ: ಎಂಜಿನ್ ತಣ್ಣಗಾಗುವಾಗ ಡಬ್ಬಿಯಿಂದ ಕೂಲಂಟ್ ವಾಪಸ್ ಎಳೆಯುತ್ತಿರಲಿಲ್ಲ. ಹಳೆಯದರ ಮೇಲೆ ಬರೆದಷ್ಟೇ ಒತ್ತಡದ ಹೊಸ ಕ್ಯಾಪ್ ಹಾಕಿ. ಗುಳ್ಳೆ ನಿಲ್ಲದೇ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ (ಎಂಜಿನ್ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಪರೀಕ್ಷಿಸಿ.