ಹಿಂದಿನ ಸ್ಪ್ರಿಂಗ್ ಎಷ್ಟು ಗಟ್ಟಿ ಬೇಕು: ಎರಡು ತೊಗರಿ ಚೀಲದ ಲೆಕ್ಕ

ಕಲಬುರಗಿಯಲ್ಲಿ ಕಾರಿನ ಹಿಂದಿನ ಸ್ಪ್ರಿಂಗ್ ಬದಲಿಸಬೇಕು ಎನ್ನುವವರ ದೂರು ಸಾಮಾನ್ಯವಾಗಿ ಒಂದೇ: "ಐದು ಮಂದಿ ಕುಂತ್ರ ಗಾಡಿ ಹಿಂದ ಕುಂದರ್ತದ್ರಿ, ಹಂಪ್‌ನ್ಯಾಗ ತಳ ಬಡಿತದ." ಸಿಗುವ ಸಲಹೆಯೂ ಒಂದೇ, ಗಟ್ಟಿ ಸ್ಪ್ರಿಂಗ್ ಹಾಕಿಸಿ ಅನ್ನೋದು. ನಾನು ಮೊದಲು ನೋಡುವುದು ಟೈರಿನ ಗಾಳಿ, ಶಾಕಪ್ (ಸ್ಪ್ರಿಂಗಿನ ತೂಗಾಟ ತಡೆಯುವ ಶಾಕ್ ಅಬ್ಸಾರ್ಬರ್), ಬುಷ್ (ಕೀಲುಗಳಲ್ಲಿನ ರಬ್ಬರ್). ಜೇವರ್ಗಿ ಕಡೆ ಎರೆಮಣ್ಣು ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುವುದರಿಂದ ಮೇಲಿನ ಡಾಂಬರು ಅಲೆ ಏಳುತ್ತದೆ. ಅಲ್ಲಿ ಕಾರು ದೋಣಿಯಂತೆ ತೂಗಿದರೆ ಶಾಕಪ್ ಸತ್ತಿದೆ ಎಂದರ್ಥ. ಸತ್ತ ಶಾಕಪ್ ಮೇಲೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಜಿಗಿತ ಇನ್ನೂ ಜೋರಾಗುತ್ತದೆ.

ಶಾಕಪ್ ಸರಿ ಇದ್ದರೆ ಅಳತೆಗೆ ಇಳಿಯಬೇಕು. ಗಂಜ್ ಕಡೆಯ ವೇ-ಬ್ರಿಜ್ ಮೇಲೆ ಮೊದಲು ಮುಂದಿನ ಎರಡು ಗಾಲಿ ಮಾತ್ರ ಹತ್ತಿಸಿ ತೂಕ ಬರೆದುಕೊಳ್ಳಿ, ಆಮೇಲೆ ಪೂರ್ತಿ ಕಾರಿನದು. ಪೂರ್ತಿಯಲ್ಲಿ ಮುಂದಿನದನ್ನು ಕಳೆದರೆ ಹಿಂದಿನ ತೂಕ, ಅದರ ಅರ್ಧ ಒಂದು ಗಾಲಿಯ ಪಾಲು. ಐದ್ಹತ್ತು ಕಿಲೋ ಹಿಂದೆಮುಂದೆ ಬಂದರೂ ನಡೆಯುತ್ತದೆ. ಒಂದೊಂದು ಗಾಲಿಯ ಪಾಲಿನಿಂದ ಗಾಲಿ, ಬ್ರೇಕು, ಆಕ್ಸಲ್ ತೂಕವೆಂದು 30-35 ಕಿಲೋ ಕಳೆಯಿರಿ. ಉಳಿದದ್ದೇ ಸ್ಪ್ರಿಂಗ್ ಹೊರುವ ಭಾರ.

ಈಗ ಗಡಸುತನ, ಅಂದರೆ ಒಂದು ಮಿ.ಮೀ. ಅದುಮಲು ಎಷ್ಟು ಕಿಲೋ ಬೇಕು ಎನ್ನುವುದು. ಕಾರನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಬಿಟ್ಟು ಎರಡು ಮಾರು ಹಿಂದೆಮುಂದೆ ತಳ್ಳಿ, ಹಿಂಭಾಗವನ್ನು ಕೈಯಿಂದ ಅದುಮಿ ಬಿಡಿ. ಗಾಲಿಯ ನಡುಬಿಂದುವಿನಿಂದ ಮಡ್‌ಗಾರ್ಡ್ ಅಂಚಿನವರೆಗೆ ಅಳೆಯಿರಿ. ನೆಲದಿಂದ ಅಳೆದರೆ ಟೈರು ಅದುಮುವುದೂ ಲೆಕ್ಕಕ್ಕೆ ಸೇರಿಬಿಡುತ್ತದೆ. 50 ಕಿಲೋದ ಎರಡು ತೊಗರಿ ಚೀಲಗಳನ್ನು ಸರಿಯಾಗಿ ಹಿಂದಿನ ಆಕ್ಸಲ್ ನೆತ್ತಿಯ ಮೇಲೆ, ಎಡಕ್ಕೊಂದು ಬಲಕ್ಕೊಂದು ಇಟ್ಟು, ಮತ್ತೆ ತಳ್ಳಿ ಅದುಮಿ ಅಳೆಯಿರಿ. ಚೀಲ ಡಿಕ್ಕಿಯ ಬಾಗಿಲ ಹತ್ತಿರ ಇಟ್ಟರೆ ಮುಂಭಾಗ ಮೇಲೆದ್ದು ಲೆಕ್ಕ ಕೆಡುತ್ತದೆ. 32 ಮಿ.ಮೀ. ಇಳಿಯಿತು ಅನ್ನಿ: 50 ಭಾಗಿಸು 32, ಮಿ.ಮೀ.ಗೆ ಸುಮಾರು 1.56 ಕಿಲೋ. ಇದು ಗಾಲಿಯ ಹತ್ತಿರದ ಗಡಸುತನ, ಗಾಲಿಯನ್ನು ಹಿಡಿದಿರುವ ಆರ್ಮ್‌ನ ಮೀಟುಗೋಲಿನ ಲೆಕ್ಕವೂ ಇದರಲ್ಲೇ ಬಂತು.

ಸ್ಪ್ರಿಂಗ್ ಮೇಲಿನ ಭಾರವನ್ನು ಇದರಿಂದ ಭಾಗಿಸಿ, ಬಂದ ಮಿ.ಮೀ.ಯ ವರ್ಗಮೂಲದಿಂದ 15.8ನ್ನು ಭಾಗಿಸಿದರೆ ಕಾರು ಸೆಕೆಂಡಿಗೆ ಎಷ್ಟು ಸಲ ತೂಗುತ್ತದೆ ಎಂದು ಸಿಗುತ್ತದೆ. ಹಿಂದಿನ ಒಂದು ಗಾಲಿಗೆ 170 ಕಿಲೋ ಇದ್ದರೆ 109 ಮಿ.ಮೀ., ಅಂದರೆ 1.5. ಮಂದಿ, ಸಾಮಾನು ಸೇರಿ 290 ಆದರೆ 1.16, ಕಾರು ಖಾಲಿ ಇದ್ದಾಗಿನದಕ್ಕಿಂತ 77 ಮಿ.ಮೀ. ಕೂತಿರುತ್ತದೆ. ದಿನಬಳಕೆಗೆ ನಾನು ಮುಂದೆ 1.2-1.3, ಹಿಂದೆ ಖಾಲಿ ಇದ್ದಾಗ 1.4-1.6 ಇಟ್ಟುಕೊಳ್ಳುತ್ತೇನೆ. ಉಬ್ಬು ಮೊದಲು ಮುಂದಿನ ಗಾಲಿಗೆ ಸಿಗುವುದರಿಂದ ಹಿಂದಿನದು ತುಸು ಬೇಗ ತೂಗಿ ಅದನ್ನು ಹಿಡಿಯಬೇಕು, ಇಲ್ಲದಿದ್ದರೆ ಕಾರು ತಲೆಯಾಡಿಸುತ್ತಲೇ ಇರುತ್ತದೆ.

ಮೇಲಿನ ಕಾರಿಗೆ ಗಾಲಿಯ ಹತ್ತಿರ ಮಿ.ಮೀ.ಗೆ 1.8 ಕಿಲೋ ಗಡಸುತನ ಬರುವ ಸ್ಪ್ರಿಂಗ್ ಹಾಕಿದರೆ ಕೂರುವುದು 67 ಮಿ.ಮೀ.ಗೆ ಇಳಿಯುತ್ತದೆ, ಆದರೆ ಖಾಲಿ ಓಡಿಸುವಾಗ 1.6 ದಾಟಿ ಕುಲುಕುತ್ತದೆ. ಗಳಿಸಿದ್ದು ಒಂದು ಸೆಂಟಿಮೀಟರ್! ಆಫೀಸಿಗೆ ಒಬ್ಬರೇ ಹೋಗಿಬಂದು ಹುಣ್ಣಿಮೆಗೊಮ್ಮೆ ಮನೆಮಂದಿಯನ್ನು ಗಾಣಗಾಪುರಕ್ಕೆ ಕರೆದೊಯ್ಯುವವರಿಗೆ ಇದು ಬೇಡ. ವಾರಕ್ಕೆ ನಾಲ್ಕು ದಿನ ಭಾರ ಹೇರುವವರಿಗೆ ಸೈ. ಆದರೆ 15 ಪ್ರತಿಶತಕ್ಕಿಂತ ಹೆಚ್ಚು ಗಟ್ಟಿ ಮಾಡಿದರೆ ಹಳೆಯ ಶಾಕಪ್ ತಡೆಯುವುದಿಲ್ಲ.

ಕೊಳ್ಳುವಾಗ ತಂತಿಯ ದಪ್ಪ ಅಳೆಯಲು ವರ್ನಿಯರ್ ಕ್ಯಾಲಿಪರ್ ಒಯ್ಯಿರಿ. ಗಡಸುತನ ತಂತಿ ದಪ್ಪದ ನಾಲ್ಕನೇ ಘಾತಕ್ಕೆ ಏರುತ್ತದೆ: 11 ಮಿ.ಮೀ. ತಂತಿ 12 ಆದರೆ, ಸುತ್ತು, ಅಗಲ ಅಷ್ಟೇ ಇದ್ದರೂ, 42 ಪ್ರತಿಶತ ಹೆಚ್ಚು. ಒಂದೇ ಮಾಡೆಲ್‌ನ ಪೆಟ್ರೋಲ್, ಡೀಸೆಲ್, ಸಿಎನ್‌ಜಿ ಗಾಡಿಗಳ ಸ್ಪ್ರಿಂಗ್ ಬೇರೆಬೇರೆ ಇರಬಹುದು, ಮೇಲಿನ ಬಣ್ಣದ ಪಟ್ಟಿ ಹಳೆಯದಕ್ಕೆ ತಾಳೆ ನೋಡಿ.

ಸುತ್ತಿನ ನಡುವೆ ಸಿಕ್ಕಿಸುವ ರಬ್ಬರ್ ಬಫರ್ ನನಗೆ ಒಗ್ಗದು. ಅದು ಆ ಸುತ್ತಿನ ಕೆಲಸ ನಿಲ್ಲಿಸುತ್ತದೆ, ಅಷ್ಟೇ. ಆರರಲ್ಲಿ ಒಂದು ನಿಂತರೆ ಉಳಿದ ಐದರ ಮೇಲೆ ಭಾರ ಬಿದ್ದು 20 ಪ್ರತಿಶತ ಗಟ್ಟಿಯಾಗುತ್ತದೆ. ಸಿಕ್ಕಿಕೊಂಡ ಮಣ್ಣು ಪೇಂಟ್ ತಿಂದು ತುಕ್ಕು ತರಿಸುತ್ತದೆ. ಸುತ್ತು ಕತ್ತರಿಸುವುದಂತೂ ಬೇಡವೇ ಬೇಡ.

ಎರಡೂ ಬದಿ ಜೋಡಿಯಾಗಿಯೇ ಬದಲಿಸಿ. ಬುಷ್ ಬೋಲ್ಟ್‌ಗಳನ್ನು ಜಾಕ್ ಮೇಲೆ ಇದ್ದಾಗ ಪೂರ್ತಿ ಬಿಗಿಯಬೇಡಿ. ಗಾಲಿ ನೆಲಕ್ಕೆ ತಾಗಿ ಕಾರು ತನ್ನ ಎತ್ತರಕ್ಕೆ ಕೂತ ಮೇಲೆ ಬಿಗಿಯಿರಿ, ಇಲ್ಲದಿದ್ದರೆ ರಬ್ಬರ್ ತಿರುಚಿಕೊಂಡೇ ಇದ್ದು ಬೇಗ ಹರಿಯುತ್ತದೆ. ಕೊನೆಗೆ ಅಲೈನ್‌ಮೆಂಟ್ ನೋಡಿಸಿ, ಹಿಂಭಾಗ ಎತ್ತರವಾದ್ದರಿಂದ ಹೆಡ್‌ಲೈಟ್ ಬೆಳಕು ಎಲ್ಲಿ ಬೀಳುತ್ತದೆ ಎಂದೂ ನೋಡಿ.