ಹಿಗ್ಗುವ ಬಟ್ಟೆಯನ್ನು ಮನೆಯ ಮಷೀನಿನಲ್ಲೇ ಹೊಲಿಯುವುದು: ನನ್ನ ಅನುಭವ

ಟಿ-ಶರ್ಟ್ ಬಟ್ಟೆ ಹೊಲಿಯೋಕೆ ಓವರ್‌ಲಾಕ್ ಮಷೀನೇ (ಅಂಚನ್ನು ಕತ್ತರಿಸುತ್ತಲೇ ದಾರ ಸುತ್ತಿ ಹೊಲಿಯುವ ಮಷೀನು) ಬೇಕು ಅಂತ ತುಂಬ ಜನ ಹೇಳುತ್ತಾರೆ. ನನ್ನ ಹತ್ತಿರ ಅದಿಲ್ಲ. ಇರುವುದು ಉಷಾ ಜನೋಮ್‌ನ ಸಾಧಾರಣ ಜಿಗ್‌ಜಾಗ್ ಮಷೀನು (ಸೂಜಿ ಅಕ್ಕಪಕ್ಕ ಓಡಾಡಿ ಅಂಕುಡೊಂಕು ಹೊಲಿಗೆ ಹಾಕುವಂಥದ್ದು), ಜೊತೆಗೆ ನೇರ ಹೊಲಿಗೆ ಮಾತ್ರ ಹಾಕುವ ಅಮ್ಮನ ಕಾಲದ ಕಪ್ಪು ಕಾಲುಮಷೀನು. ಮಕ್ಕಳ ಟಿ-ಶರ್ಟು, ನೈಟ್ ಪ್ಯಾಂಟು, ಲೆಗ್ಗಿಂಗ್ಸು, ಮನೆಯವರ ಬನಿಯನ್ನು ಎಲ್ಲವೂ ಈ ಎರಡರಲ್ಲೇ ಆಗುತ್ತಿದೆ. ಒಳಗಡೆ ತಿರುಗಿಸಿ ನೋಡಿದರೆ ಅಂಗಡಿಯದರ ಹಾಗೆ ನಾಲ್ಕು ದಾರದ ಅಂಚು ಕಾಣುವುದಿಲ್ಲ, ಅಷ್ಟೇ. ಹೊಲಿಗೆ ಬಿಡುವುದಿಲ್ಲ, ಕತ್ತು ಜೋಲುವುದಿಲ್ಲ.

ರವಿಕೆ ಹೊಲಿದು ಅಭ್ಯಾಸ ಇರುವವರಿಗೆ ಈ ಬಟ್ಟೆ ಮೊದಲು ಕೈಗೆ ಬಗ್ಗುವುದಿಲ್ಲ. ರವಿಕೆ ಬಟ್ಟೆ ನೇಯ್ದದ್ದು. ಟಿ-ಶರ್ಟ್ ಬಟ್ಟೆ ಹೆಣೆದದ್ದು, ಕುಣಿಕೆಯೊಳಗೆ ಕುಣಿಕೆ. ಎಳೆದಾಗ ಕುಣಿಕೆಗಳು ಅಗಲವಾಗುತ್ತವೆ, ಬಿಟ್ಟಾಗ ಮೊದಲಿನ ಹಾಗಾಗುತ್ತವೆ. ಇದರ ಮೇಲೆ ಮಾಮೂಲಿ ನೇರ ಹೊಲಿಗೆ ಓಡಿಸಿದರೆ ಬಟ್ಟೆ ಹಿಗ್ಗುತ್ತದೆ, ದಾರ ಹಿಗ್ಗುವುದಿಲ್ಲ. ತಲೆ ತೂರಿಸುವಾಗ ಟಪ್ ಅಂತ ಸದ್ದು ಬಂತು ಅಂದರೆ ದಾರ ಹೋಯಿತು ಅಂತಲೇ. ಹಾಗಾಗಿ ಬಟ್ಟೆ ಎಷ್ಟು ಹಿಗ್ಗುತ್ತದೋ ಹೊಲಿಗೆಯೂ ಅಷ್ಟು ಹಿಗ್ಗಬೇಕು. ನಾನು ಮುಂದೆ ಹೇಳುವುದೆಲ್ಲ ಇದಕ್ಕೋಸ್ಕರವೇ.

ಕೊಳ್ಳುವಾಗಲೇ ಬಟ್ಟೆಯನ್ನು ಎಳೆದು ನೋಡುತ್ತೇನೆ. ಪರ್ಸಿನಲ್ಲಿ ಸಣ್ಣ ಟೇಪು ಇರುತ್ತದೆ. ಬಟ್ಟೆಯ ಅಗಲಕ್ಕೆ 10 ಸೆಂ.ಮೀ. ಹಿಡಿದು ಹಿತವಾಗಿ ಎಳೆದಾಗ 12.5ಕ್ಕೆ ಬಂದರೆ ಶೇ. 25 ಹಿಗ್ಗು, 15ಕ್ಕೆ ಬಂದರೆ ಶೇ. 50. ಬಿಟ್ಟ ಮೇಲೆ ಮತ್ತೆ 10ಕ್ಕೇ ಬರಬೇಕು, ಅದು ಇನ್ನೂ ಮುಖ್ಯ. ವಾಪಸ್ ಬರದ ಬಟ್ಟೆಯಲ್ಲಿ ಪ್ಯಾಂಟು ಹೊಲಿದರೆ ಎರಡು ಸಲ ಕೂತೇಳುವಷ್ಟರಲ್ಲಿ ಮಂಡಿ ಉಬ್ಬಿಕೊಂಡಿರುತ್ತದೆ. ಹೊಸಬರಿಗೆ ನಾನು ಇಂಟರ್‌ಲಾಕ್ ಬಟ್ಟೆ ಹೇಳುತ್ತೇನೆ. ಸ್ವಲ್ಪ ದಪ್ಪ, ಎರಡೂ ಬದಿ ಒಂದೇ ಥರ, ಅಂಚು ಸುರುಳಿ ಸುತ್ತುವುದಿಲ್ಲ. ತೆಳು ಸಿಂಗಲ್ ಜರ್ಸಿ ಕತ್ತರಿಸಿದ ತಕ್ಷಣ ಸುತ್ತಿಕೊಳ್ಳುತ್ತದೆ. ಅದರಿಂದ ಒಂದು ಉಪಕಾರವೂ ಇದೆ: ಅಡ್ಡಕ್ಕೆ ಕತ್ತರಿಸಿದ ಅಂಚನ್ನು ಸ್ವಲ್ಪ ಎಳೆದರೆ ಅದು ಸರಿ ಬದಿಗೆ ಸುತ್ತುತ್ತದೆ. ಯಾವುದು ಉಲ್ಟಾ, ಯಾವುದು ಸೀದಾ ಅಂತ ಗೊತ್ತಾಗದಿದ್ದಾಗ ಹೀಗೇ ಕಂಡುಹಿಡಿಯುತ್ತೇನೆ. ಲೈಕ್ರಾ (ರಬ್ಬರಿನ ಹಾಗೆ ಹಿಗ್ಗುವ ನೂಲು) ಜಾಸ್ತಿ ಇರುವ ನುಣುಪು ಬಟ್ಟೆ ಆಮೇಲೆ ನೋಡಿಕೊಳ್ಳಬಹುದು.

ತಿರುಪ್ಪೂರಿನ ಕಡೆಯ ಮಾಲು ಕೆಲವು ಅಂಗಡಿಗಳಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಗುತ್ತದೆ. ಜಿಎಸ್‌ಎಂ ಅಂದರೆ ಒಂದು ಚದರ ಮೀಟರ್ ಬಟ್ಟೆಯ ತೂಕ, ಗ್ರಾಂನಲ್ಲಿ. 180 ಜಿಎಸ್‌ಎಂ, 60 ಇಂಚು ಪನ್ನದ ಬಟ್ಟೆಯಾದರೆ ಒಂದು ಮೀಟರ್ ಸುಮಾರು 275 ಗ್ರಾಂ ತೂಗುತ್ತದೆ, ಕೆ.ಜಿ.ಗೆ ಮೂರೂವರೆ ಮೀಟರಿನ ಮೇಲೆ ಬರುತ್ತದೆ. ಈ ಲೆಕ್ಕ ಗೊತ್ತಿದ್ದರೆ ಅಂಗಡಿಯವರ ಮುಂದೆ ಸುಮ್ನೆ ನಿಲ್ಲಬೇಕಾಗಿಲ್ಲ. ತಂದ ಬಟ್ಟೆಯನ್ನು ಒಗೆದೇ ಕತ್ತರಿಸಬೇಕು. ಹತ್ತಿಯ ನಿಟ್ ಬಟ್ಟೆ ಉದ್ದಕ್ಕೆ ಕುಗ್ಗುತ್ತದೆ.

ಇನ್ನು ಸೂಜಿ. ಹೊಲಿಗೆ ತಪ್ಪಿದರೆ ಜನ ಟೆನ್ಷನ್ (ದಾರದ ಬಿಗಿ) ತಿರುಗಿಸುತ್ತಾರೆ, ದಾರ ಬದಲಾಯಿಸುತ್ತಾರೆ, ಮೆಕ್ಯಾನಿಕ್ ಕರೆಸುತ್ತಾರೆ. ಸೂಜಿಯನ್ನು ಮಾತ್ರ ಮುಟ್ಟುವುದಿಲ್ಲ. ಹೊಲಿಗೆ ಯಾಕೆ ತಪ್ಪುತ್ತದೆ ಅಂತ ತಿಳಿಯಬೇಕಾದರೆ ಬಾಬಿನ್ (ಕೆಳಗಿನ ದಾರದ ಉರುಳೆ) ಮುಚ್ಚಳ ತೆಗೆದು, ಚಕ್ರವನ್ನು ಕೈಯಲ್ಲಿ ನಿಧಾನವಾಗಿ ತಿರುಗಿಸಿ ನೋಡಿ. ಸೂಜಿ ಪೂರ್ತಿ ಕೆಳಗೆ ಹೋಗಿ ಒಂದು ಚೂರು ಮೇಲೆ ಬರುವಾಗ ಅದರ ಹಿಂದೆ ದಾರ ಸಣ್ಣ ಕುಣಿಕೆಯಾಗಿ ಉಬ್ಬುತ್ತದೆ. ಆ ಕ್ಷಣಕ್ಕೆ ಸರಿಯಾಗಿ, ಬಾಬಿನ್ ಸುತ್ತ ತಿರುಗುವ ಹುಕ್ಕಿನ ಮೂತಿ ಬಂದು ಕುಣಿಕೆಯನ್ನು ಹಿಡಿಯಬೇಕು. ಹಿಗ್ಗುವ ಬಟ್ಟೆಯಲ್ಲಿ ಏನಾಗುತ್ತದೆ ಅಂದರೆ, ಬಟ್ಟೆ ಸೂಜಿಗೆ ಅಂಟಿಕೊಂಡು ಅದರ ಜೊತೆಗೇ ಮೇಲೆ ಏಳುತ್ತದೆ. ಕುಣಿಕೆ ಉಬ್ಬುವುದೇ ಇಲ್ಲ. ಹುಕ್ಕು ಖಾಲಿ ತಿರುಗುತ್ತದೆ, ಒಂದು ಹೊಲಿಗೆ ಹಾರುತ್ತದೆ.

ಬಾಲ್ ಪಾಯಿಂಟ್ ಸೂಜಿಯ ತುದಿ ತುಸು ದುಂಡಗೆ. ನೂಲನ್ನು ಚುಚ್ಚಿ ಹರಿಯುವುದಿಲ್ಲ, ಪಕ್ಕಕ್ಕೆ ಸರಿಸಿ ನಡುವೆ ನುಗ್ಗುತ್ತದೆ. ಮಾಮೂಲಿ ಚೂಪು ಸೂಜಿ ನೂಲನ್ನೇ ಹರಿದರೆ, ನಾಲ್ಕು ಒಗೆತದಲ್ಲಿ ಹೊಲಿಗೆಯ ಪಕ್ಕದಲ್ಲಿ ಸಣ್ಣ ತೂತುಗಳ ಸಾಲು ಕಾಣುತ್ತದೆ. ಸ್ಟ್ರೆಚ್ ಸೂಜಿ ಅಂತ ಇನ್ನೊಂದಿದೆ. ಅದರ ಕಣ್ಣಿನ ಹಿಂದಿನ ತಗ್ಗು ಹುಕ್ಕು ಹತ್ತಿರ ಬರುವ ಹಾಗೆ ಮಾಡಿದ್ದು, ಲೈಕ್ರಾಗೆ ಅದೇ ಸರಿ. ಸಿಂಗರ್‌ನದಾದರೆ 2045, ಆರ್ಗನ್‌ನದಾದರೆ ಎಚ್‌ಎ×1ಎಸ್‌ಪಿ, ಜನೋಮ್‌ನದಾದರೆ ನೀಲಿ ತುದಿಯದು. ಟಿ-ಶರ್ಟ್ ಬಟ್ಟೆಗೆ 11ನೇ ನಂಬರ್, ದಪ್ಪ ಬಟ್ಟೆಗೆ 14.

ಟೈಲರಿಂಗ್ ಸಾಮಾನಿನ ಅಂಗಡಿಯಲ್ಲಿ "ಬನಿಯನ್ ಬಟ್ಟೆ ಸೂಜಿ ಕೊಡಿ" ಅಂದರೆ, ಅಂಗಡಿಯವರು ಮೊದಲು ಕೇಳುವುದು "ದುಂಡಂದಾ, ಚಪ್ಪಟೆದಾ ಅಕ್ಕಾ?" ಅಂತ. ಸೂಜಿಯ ದಪ್ಪ ತಲೆ ಪೂರ್ತಿ ದುಂಡಗಿದ್ದರೆ ಅದು ಗಾರ್ಮೆಂಟ್ಸ್ ಮಷೀನಿನದು. ಒಂದು ಬದಿ ಚಪ್ಪಟೆ ಇದ್ದರೆ ಮನೆಯ ಮಷೀನಿನದು. ಹಳೆ ಸೂಜಿಯನ್ನು ಒಂದು ಬಟ್ಟೆ ಚೂರಿಗೆ ಚುಚ್ಚಿಕೊಂಡು ತೆಗೆದುಕೊಂಡು ಹೋದರೆ ಈ ಮಾತೇ ಬೇಡ.

ದಾರ ಪಾಲಿಯೆಸ್ಟರ್ ಇರಲಿ. ಕಾಟನ್ ದಾರಕ್ಕೆ ಎಳೆತ ತಡೆಯುವ ಶಕ್ತಿ ಕಡಿಮೆ. ಬಾಬಿನ್‌ಗೂ ಅದೇ ದಾರ, ಮತ್ತು ನಿಧಾನವಾಗಿ ಸುತ್ತಿ. ಜೋರಾಗಿ ಸುತ್ತಿದರೆ ದಾರ ಆಗಲೇ ಎಳೆದುಕೊಂಡು ಕೂತಿರುತ್ತದೆ.

ಈಗ ಹೊಲಿಗೆಗೆ ಬರೋಣ. ಜಿಗ್‌ಜಾಗ್ ಅಗಲ 1, ಉದ್ದ 2.5 ಇಡುತ್ತೇನೆ. ನೋಡಲು ನೇರ ಹೊಲಿಗೆ ಹಾಗೇ ಕಾಣುತ್ತದೆ. ಆದರೆ ದಾರ ಒಳಗೆ ಸಣ್ಣಗೆ ಓಲಾಡುತ್ತಿರುತ್ತದೆ, ಎಳೆದಾಗ ನೆಟ್ಟಗಾಗಲು ಜಾಗ ಇರುತ್ತದೆ. ಕೆಲವು ಮಷೀನಿನ ಉದ್ದದ ಡಯಲ್‌ನಲ್ಲಿ ಎಸ್.ಎಸ್. ಅಂತ ಇರುತ್ತದೆ, ಅದು ಸ್ಟ್ರೆಚ್ ಸ್ಟಿಚ್. ಎರಡು ಹೆಜ್ಜೆ ಮುಂದೆ, ಒಂದು ಹೆಜ್ಜೆ ಹಿಂದೆ ಹೋಗುತ್ತಾ ಒಂದೇ ಗೆರೆಯನ್ನು ಮೂರು ಸಲ ಹೊಲಿಯುತ್ತದೆ. ಗಟ್ಟಿ ಹೌದು, ಆದರೆ ಬಿಚ್ಚಬೇಕಾಗಿ ಬಂದರೆ ಸಾಕುಬೇಕಾಗುತ್ತದೆ. ನಾನು ಪ್ಯಾಂಟಿನ ಕಾಲು ಸೇರುವ ಜಾಗಕ್ಕೆ ಮಾತ್ರ ಅದನ್ನು ಬಳಸುತ್ತೇನೆ.

ಯಾವ ಹೊಸ ಬಟ್ಟೆಯಾದರೂ ಮೊದಲು ಒಂದು ಚೂರಿನ ಮೇಲೆ ಪರೀಕ್ಷೆ. ಎರಡು ಪದರ ಸೇರಿಸಿ ಒಂದು ಗೇಣು ಹೊಲಿದು, ಎರಡೂ ತುದಿ ಹಿಡಿದು ಎಳೆಯುತ್ತೇನೆ. ದಾರ ಕಡಿದರೆ ಯಾವ ಕಡೆಯದು ಕಡಿಯಿತು ಅಂತ ನೋಡಬೇಕು. ಮೇಲಿನದು ಕಡಿದರೆ ಮೇಲಿನ ಟೆನ್ಷನ್ ಒಂದು ನಂಬರ್ ಇಳಿಸುತ್ತೇನೆ. ಕೆಳಗಿನದು ಕಡಿದರೆ ಬಾಬಿನ್ ಕೇಸಿನ ಸಣ್ಣ ತಿರುಪನ್ನು ಕಾಲು ಸುತ್ತಿಗಿಂತ ಕಡಿಮೆ ಸಡಿಲ ಮಾಡುತ್ತೇನೆ. ಎರಡೂ ಕಡಿದರೆ ಜಿಗ್‌ಜಾಗ್ ಅಗಲ ಒಂದೂವರೆಗೆ ಏರಿಸುವುದು.

ಅಂಚಿಗೆ ಓವರ್‌ಲಾಕ್ ಬೇಡವೇ ಅಂತ ಎಲ್ಲರೂ ಕೇಳುತ್ತಾರೆ. ಬೇಡ. ಹೆಣೆದ ಬಟ್ಟೆ ನೇಯ್ದ ಬಟ್ಟೆಯ ಹಾಗೆ ನೂಲು ನೂಲಾಗಿ ಬಿಡುವುದಿಲ್ಲ. ಅಂದಕ್ಕೆ ಬೇಕಿದ್ದರೆ ಪಕ್ಕದಲ್ಲಿ ಅಗಲ ಜಿಗ್‌ಜಾಗ್ ಒಂದು ಸಾಲು ಓಡಿಸಿ, ಉಳಿದದ್ದನ್ನು ಕತ್ತರಿಸಬಹುದು.

ಕತ್ತರಿಸುವಾಗ ಜಾಸ್ತಿ ಹಿಗ್ಗುವ ದಿಕ್ಕು ಮೈ ಸುತ್ತ ಬರಬೇಕು. ಬಟ್ಟೆ ಮೇಜಿನಿಂದ ಕೆಳಗೆ ನೇತಾಡಬಾರದು. ಅದರ ಭಾರಕ್ಕೇ ಉದ್ದವಾಗಿ, ಕತ್ತರಿಸಿದ ಮೇಲೆ ಅಳತೆ ಕಡಿಮೆಯಾಗುತ್ತದೆ. ನಾನು ನೆಲದ ಮೇಲೆ ಹರಡಿ, ಪೇಪರ್ ಕಟಿಂಗ್ ಮೇಲೆ ಅಡುಗೆಮನೆಯ ಕುಟ್ಟಾಣಿ, ಲೋಟ ಇಟ್ಟು ಕತ್ತರಿಸುತ್ತೇನೆ.

ಹೊಲಿಯುವಾಗಲೂ ಇದೇ ಮಾತು. ಬಟ್ಟೆಯನ್ನು ಎಳೆಯಬೇಡಿ, ದಾರಿ ತೋರಿಸಿದರೆ ಸಾಕು. ಹೊಲಿದ ಗೆರೆ ಹಪ್ಪಳದ ಅಂಚಿನ ಹಾಗೆ ಅಲೆಅಲೆಯಾಗಿ ಬಂದರೆ, ಮೇಲಿನ ಫುಟ್ ಬಟ್ಟೆಯನ್ನು ಜಾಸ್ತಿ ಒತ್ತುತ್ತಿದೆ ಅಂತ ಅರ್ಥ. ಫುಟ್‌ನ ಒತ್ತಡ ಕಡಿಮೆ ಮಾಡಲು ನನ್ನ ಜಿಗ್‌ಜಾಗ್ ಮಷೀನಿನಲ್ಲಿ ಏನೂ ಇಲ್ಲ. ಅದಕ್ಕೆ ಬಟ್ಟೆಯ ಕೆಳಗೆ ಬಟರ್ ಪೇಪರಿನ ಪಟ್ಟಿ ಇಟ್ಟು ಹೊಲಿದು, ಆಮೇಲೆ ಹರಿದು ತೆಗೆಯುತ್ತೇನೆ. ನ್ಯೂಸ್ ಪೇಪರ್ ಬೇಡ, ಮಸಿ ಅಂಟುತ್ತದೆ. ಸ್ವಲ್ಪ ಅಲೆ ಉಳಿದಿದ್ದರೆ ಹಬೆ ಇಸ್ತ್ರಿ ಮೇಲಿಂದ ಒತ್ತಿದರೆ ಕೂರುತ್ತದೆ. ಇಸ್ತ್ರಿಯನ್ನು ಉಜ್ಜಬಾರದು, ಎತ್ತಿ ಎತ್ತಿ ಇಡಬೇಕು. ಶುರುವಿನಲ್ಲಿ ಮಷೀನು ಬಟ್ಟೆ ನುಂಗುತ್ತದೆ ಅನ್ನುವವರು, ಮೊದಲು ಒಂದು ಚಿಂದಿಯ ಮೇಲೆ ನಾಲ್ಕು ಹೊಲಿಗೆ ಹಾಕಿ, ನಿಲ್ಲಿಸದೆ ಅಲ್ಲಿಂದಲೇ ಬಟ್ಟೆಯ ಮೇಲೆ ಬನ್ನಿ. ಇನ್ನೊಂದು, ಭುಜದ ಹೊಲಿಗೆ ಹಿಗ್ಗಲೇಬಾರದು. ಇಡೀ ಅಂಗಿಯ ಭಾರ ಅಲ್ಲೇ ಇರುತ್ತದೆ. ಅಲ್ಲಿ ಹಿಗ್ಗದ ತೆಳು ಹತ್ತಿ ಪಟ್ಟಿಯೊಂದನ್ನು ಸೇರಿಸಿ ಹೊಲಿಯುತ್ತೇನೆ.

ಟಿ-ಶರ್ಟಿನಲ್ಲಿ ಕೈಚಳಕ ಕಾಣುವುದು ಕತ್ತಿನ ಪಟ್ಟಿಯಲ್ಲಿ. ಪಟ್ಟಿ ಕತ್ತಿನ ಸುತ್ತಳತೆಗಿಂತ ಚಿಕ್ಕದಿರಬೇಕು, ಆಗಲೇ ಅದು ಒಳಕ್ಕೆ ಎಳೆದುಕೊಂಡು ಮೈಗೆ ಕೂರುತ್ತದೆ. ಮಗುವಿನ ಅಂಗಿಯ ಕತ್ತು ಹೊಲಿಗೆ ಗೆರೆಯಲ್ಲಿ 18 ಇಂಚು ಇದ್ದರೆ, ಅದರ ಶೇ. 85 ಅಂದರೆ ಹದಿನೈದೂಕಾಲು ಇಂಚು. ಜೋಡಣೆಗೆ ಅರ್ಧ ಇಂಚು ಸೇರಿಸಿ ಹದಿನೈದು ಮುಕ್ಕಾಲಿಗೆ ಕತ್ತರಿಸುತ್ತೇನೆ. ರಿಬ್ ಬಟ್ಟೆಯಾದರೆ (ಉದ್ದಕ್ಕೆ ಏರುಗೆರೆ ಇರುವ ಹೆಣಿಗೆ) ಶೇ. 80 ಸಾಕು, ಅದು ಜಾಸ್ತಿ ಹಿಗ್ಗುತ್ತದೆ. ಅಂಗಿಯದೇ ಬಟ್ಟೆಯಾಗಿ ಹಿಗ್ಗು ಕಡಿಮೆಯಿದ್ದರೆ ಶೇ. 90 ಇಡಬೇಕು. ಅಗಲ 2 ಇಂಚು. ಮಡಿಚಿ ಕಾಲು ಇಂಚಿನ ಮಾರ್ಜಿನ್ (ಹೊಲಿಗೆಯ ಆಚೆ ಉಳಿಯುವ ಅಂಚು) ಬಿಟ್ಟರೆ ಹೊರಗೆ ಮುಕ್ಕಾಲು ಇಂಚು ಕಾಣುತ್ತದೆ. ಮಗುವಿನ ತಲೆ ತೂರುತ್ತದೆಯೇ ಅಂತ ಪಟ್ಟಿಯನ್ನು ಎಳೆದು ಟೇಪಿನಲ್ಲಿ ಅಳೆದು ನೋಡಿಬಿಡಿ.

ಪಟ್ಟಿಯ ಎರಡು ತುದಿ ಸೇರಿಸಿ ಬಳೆ ಮಾಡಿ, ಉದ್ದಕ್ಕೆ ಮಡಿಚಿ, ನಾಲ್ಕು ಸಮಭಾಗಕ್ಕೆ ಚಾಕಿನಲ್ಲಿ ಗುರುತು ಹಾಕುತ್ತೇನೆ. ಅಂಗಿಯ ಕತ್ತಿಗೂ ನಾಲ್ಕು ಗುರುತು. ಇಲ್ಲಿ ಒಂದು ಸೂಕ್ಷ್ಮ ಇದೆ. ಮುಂದಿನ ಕತ್ತು ಆಳ, ಹಿಂದಿನದು ಕಡಿಮೆ. ಹಾಗಾಗಿ ಪಕ್ಕದ ಗುರುತುಗಳು ಭುಜದ ಹೊಲಿಗೆಯ ಮೇಲೆ ಬರುವುದಿಲ್ಲ, ಅಲ್ಲಿಂದ ತುಸು ಮುಂದಕ್ಕೆ ಬರುತ್ತವೆ. ಭುಜಕ್ಕೇ ಸೇರಿಸಿಬಿಟ್ಟರೆ ಮುಂದೆ ಪಟ್ಟಿ ಜಾಸ್ತಿ ಎಳೆದು ನೆರಿಗೆ ಬೀಳುತ್ತದೆ, ಹಿಂದೆ ಸಡಿಲವಾಗಿ ನಿಂತುಕೊಳ್ಳುತ್ತದೆ. ಗುರುತಿಗೆ ಗುರುತು ಸೇರಿಸಿ ನಾಲ್ಕು ಗುಂಡುಸೂಜಿ. ಹೊಲಿಯುವಾಗ ಅಂಗಿ ಕೆಳಗೆ, ಪಟ್ಟಿ ಮೇಲೆ. ಸೂಜಿ ಬಟ್ಟೆಯೊಳಗೆ ಇಳಿಸಿಟ್ಟು, ಮುಂದಿನ ಗುಂಡುಸೂಜಿ ಇರುವ ಜಾಗ ಹಿಡಿದು, ಪಟ್ಟಿಯನ್ನು ಮಾತ್ರ ಅಂಗಿಯ ಉದ್ದಕ್ಕೆ ಬರುವಷ್ಟು ಎಳೆದು ಹೊಲಿಯುತ್ತೇನೆ. ಅಂಗಿ ಕಿಂಚಿತ್ತೂ ಹಿಗ್ಗಬಾರದು. ಆಮೇಲೆ ಮಾರ್ಜಿನ್ ಅಂಗಿಯ ಕಡೆ ಮಡಿಚಿ ಹಬೆ ಇಸ್ತ್ರಿ ಹಾಕಿದರೆ, ಇಷ್ಟು ಹೊತ್ತು ಅಡ್ಡಾದಿಡ್ಡಿ ನಿಂತಿದ್ದ ಪಟ್ಟಿ ತನ್ನಷ್ಟಕ್ಕೆ ಚಪ್ಪಟೆಯಾಗುತ್ತದೆ.

ಕೆಳ ಅಂಚಿಗೆ, ತೋಳಿನ ಅಂಚಿಗೆ ಜೋಡಿ ಸೂಜಿ. ಮೇಲೆ ಎರಡು ದಾರ, ಎರಡು ನೇರ ಸಾಲು. ಕೆಳಗೆ ಒಂದೇ ಬಾಬಿನ್ ದಾರ ಎರಡರ ನಡುವೆ ಅಂಕುಡೊಂಕಾಗಿ ಓಡಾಡುತ್ತದೆ, ಅದಕ್ಕೇ ಹಿಗ್ಗುತ್ತದೆ. ಅಂಗಡಿಯ ಟಿ-ಶರ್ಟಿನ ಹಾಗೇ ಕಾಣುತ್ತದೆ. ಜಿಗ್‌ಜಾಗ್ ಮಷೀನಿನಲ್ಲಿ ಮಾತ್ರ ಇದು ಸಾಧ್ಯ, ಏಕೆಂದರೆ ಸೂಜಿ ಇಳಿಯುವ ಪ್ಲೇಟಿನ ತೂತು ಅಗಲ ಇರಬೇಕು. ಹೊಲಿಗೆಯನ್ನು ನೇರಕ್ಕೆ ಇಟ್ಟು, ಮೊದಲು ಕೈಯಲ್ಲಿ ಚಕ್ರ ತಿರುಗಿಸಿ ಎಲ್ಲೂ ತಾಗುವುದಿಲ್ಲ ಅಂತ ನೋಡಿಕೊಳ್ಳಿ. ಎರಡು ಸಾಲಿನ ನಡುವೆ ಬಟ್ಟೆ ಉಬ್ಬಿ ನಿಂತರೆ ಮೇಲಿನ ಟೆನ್ಷನ್ ಇಳಿಸಬೇಕು.

ಕಪ್ಪು ಕಾಲುಮಷೀನು ಮಾತ್ರ ಇರುವವರು ಏನು ಮಾಡಬೇಕು? ಅದರ ತಲೆಯ ಮೇಲೆ, ಸೂಜಿಯ ನೇರಕ್ಕೆ ಒಂದು ಸ್ಕ್ರೂ ಇರುತ್ತದೆ. ಅದನ್ನು ಸಡಿಲ ಮಾಡಿದರೆ ಫುಟ್‌ನ ಒತ್ತಡ ಕಡಿಮೆಯಾಗುತ್ತದೆ. ಈ ಸೌಲಭ್ಯ ನನ್ನ ಹೊಸ ಮಷೀನಿನಲ್ಲಿ ಇಲ್ಲ, ನೋಡಿ. ಹೊಲಿಗೆ ಸ್ವಲ್ಪ ಸಣ್ಣಗಿಟ್ಟು, ಫುಟ್‌ನ ಹಿಂದೆ ಒಂದು ಕೈ, ಮುಂದೆ ಒಂದು ಕೈ ಇಟ್ಟು ಬಟ್ಟೆಯನ್ನು ತುಸುವೇ ಬಿಗಿಹಿಡಿದು ತುಳಿದರೆ ಗೆರೆಯಲ್ಲಿ ಒಂದಿಷ್ಟು ದಾರ ಹೆಚ್ಚಿಗೆ ಕೂರುತ್ತದೆ. ಜಾಸ್ತಿ ಎಳೆದರೆ ಸೂಜಿ ಬಾಗಿ ಪ್ಲೇಟಿಗೆ ಹೊಡೆಯುತ್ತದೆ. ಸಡಿಲ ನೈಟ್ ಪ್ಯಾಂಟು, ಅಗಲ ಕತ್ತಿನ ಹೊಸೈರಿ ನೈಟಿ ಇಷ್ಟಕ್ಕೇ ಚೆನ್ನಾಗಿ ಆಗುತ್ತವೆ. ಬಿಗಿ ಲೆಗ್ಗಿಂಗ್ಸ್, ಚಿಕ್ಕ ಕತ್ತಿನ ಟಿ-ಶರ್ಟ್ ಆ ಮಷೀನಿಗೆ ಬೇಡ. ಹಾಗೂ ಬೇಕೇ ಬೇಕು ಅಂದರೆ ಕಚ್ಚಾ ಹೊಲಿಗೆ ಹಾಕಿ, ಹತ್ತಿರದ ಫಾಲ್-ಪಿಕೋ ಅಂಗಡಿಯವರ ಜಿಗ್‌ಜಾಗ್ ಮಷೀನಿನಲ್ಲಿ ಕತ್ತು ಮತ್ತು ಅಂಚಿಗಷ್ಟೇ ಓಡಿಸಿ ಕೊಡಿ ಅಂತ ಕೇಳಿ. ಸೂಜಿ ಮಾತ್ರ ನೀವೇ ತೆಗೆದುಕೊಂಡು ಹೋಗಿ, ಅವರ ಮಷೀನಿನಲ್ಲಿ ಸೀರೆಗೆ ಹಾಕಿದ ಚೂಪು ಸೂಜಿಯೇ ಇರುತ್ತದೆ.